ಫ್ಲ್ಯಾಟ್‌ಗೆ ಅಡ್ವಾನ್ಸ್ ಕೊಡುವ ಮೊದಲು ಬೈಲಾ ಓದಿ: ಬಳ್ಳಾರಿಯಲ್ಲಿ ನಮಗಾದದ್ದು

ಬಳ್ಳಾರಿಯಲ್ಲಿ ಫ್ಲ್ಯಾಟ್ ನೋಡುತ್ತಿರುವವರು ಅಡ್ವಾನ್ಸ್ ಕೊಡುವ ಮೊದಲು ಬಿಲ್ಡರ್ ಹತ್ತಿರ ಎರಡು ಕಾಗದ ಕೇಳಿ: ಕಟ್ಟಡದ ವಿವರ, ಪ್ರತಿ ಫ್ಲ್ಯಾಟ್‌ನ ಪಾಲು ಬರೆದಿರುವ ಡೀಡ್ ಆಫ್ ಡಿಕ್ಲರೇಶನ್ (ಘೋಷಣಾ ಪತ್ರ), ಅದರ ಜೊತೆಗಿರುವ ಬೈಲಾ, ಅಂದರೆ ಕಟ್ಟಡವನ್ನು ನಡೆಸುವ ನಿಯಮಗಳು. ಆಮೇಲೆ ಕೊಡ್ತೀವಿ ಅಂದರೆ ದುಡ್ಡನ್ನೂ ಆಮೇಲೆ ಕೊಡಿ.

ನಾವು ಕೇಳಿದ್ದೆವು. "ಅದು ಎಲ್ಲಾ ಕಡೆ ಒಂದೇ ಇರ್ತೈತ್ರಿ ಸರ್, ರಿಜಿಸ್ಟ್ರಿ ದಿನ ಕೈಗೆ ಕೊಡ್ತೀವಿ" ಎಂದರು ಆಫೀಸಿನವರು. ಆ ದಿನ ಬಂದದ್ದು ಸೇಲ್ ಡೀಡ್ ಮಾತ್ರ. ಖರೀದಿದಾರರು ಡಿಕ್ಲರೇಶನ್ ಮತ್ತು ಬೈಲಾದ ಎಲ್ಲ ಷರತ್ತುಗಳಿಗೆ ಬದ್ಧರು ಅಂತ ಅದರೊಳಗೊಂದು ಸಾಲು ಇತ್ತು. ಅಷ್ಟೊತ್ತಿಗೆ ಬ್ಯಾಂಕಿನ ಡಿಡಿ ಬಿಲ್ಡರ್ ಹೆಸರಿಗೆ ಸಿದ್ಧವಾಗಿತ್ತು. ಬೈಲಾ ನಮ್ಮ ಕಣ್ಣಿಗೆ ಬಿದ್ದದ್ದು ವಾಸಕ್ಕೆ ಬಂದು ಎಷ್ಟೋ ತಿಂಗಳಾದ ಮೇಲೆ, ಅದೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನಾವೇ ನಕಲು ತೆಗೆಸಿದಾಗ.

ಟೆರೇಸಿನ ಹಕ್ಕು ಬಿಲ್ಡರ್‌ದೇ ಎಂದು ಅದರಲ್ಲಿ ಬರೆದಿತ್ತು. ಮೇಲಿನ ಬಾಗಿಲಿಗೆ ಯಾವಾಗಲೂ ಬೀಗ ಯಾಕೆ ಅನ್ನುವುದು ಆಗ ತಿಳಿಯಿತು. ಸಂಡಿಗೆ ಹಾಕಲು, ಮೆಣಸಿನಕಾಯಿ ಒಣಗಿಸಲು ಜಾಗವಿಲ್ಲ ಎಂಬುದನ್ನು ಹೇಗೋ ಸಹಿಸಿಕೊಳ್ಳಬಹುದು. ಆದರೆ ನೀರಿನ ಟ್ಯಾಂಕ್ ಇರುವುದೂ ಅಲ್ಲೇ. ಕಳೆದ ಬೇಸಿಗೆಯಲ್ಲಿ ವಾಲ್ವ್ ಕೆಟ್ಟು ಯಾರ ಮನೆಗೂ ನೀರು ಏರಲಿಲ್ಲ. ಪ್ಲಂಬರ್ ಪಾನಾ ಹಿಡಿದು ಕೊನೆಯ ಮೆಟ್ಟಿಲ ಮೇಲೆ ಕೂತಿದ್ದ, ಬೀಗದ ಕೈ ಬಿಲ್ಡರ್ ಕಡೆಯ ಹುಡುಗನ ಹತ್ತಿರ, ಆ ಹುಡುಗ ಹೊಸಪೇಟೆಯಲ್ಲಿ. ಎದುರುಮನೆಯ ಅಜ್ಜಿ ಕೆಳಗಿನಿಂದ ಬಿಂದಿಗೆಯಲ್ಲಿ ನೀರು ಹೊತ್ತು ಏರಿ ಬಂದರು. ಎಂಬತ್ತರ ಹತ್ತಿರದ ಜೀವ ಅದು. ನನಗೆ ಇವತ್ತಿಗೂ ಸಿಟ್ಟು ಆರಿಲ್ಲ.

ಎರಡನೆಯದು ಮೆಂಟೆನೆನ್ಸ್. ಮಾರಾಟವಾಗದ ಫ್ಲ್ಯಾಟ್‌ಗಳಿಗೆ ಬಿಲ್ಡರ್ ಏನೂ ಕಟ್ಟಬೇಕಿಲ್ಲ ಅಂತ ಬೈಲಾದಲ್ಲಿತ್ತು. ಲಿಫ್ಟ್, ವಾಚ್‌ಮನ್, ಜನರೇಟರ್ ಡೀಸೆಲ್, ಟ್ಯಾಂಕರ್ ನೀರು, ಎಲ್ಲದರ ಖರ್ಚೂ ವಾಸವಿರುವವರ ತಲೆಗೇ ಬಿತ್ತು.

ಸಭೆ ಕರೆದು ಇದನ್ನು ಬದಲಿಸೋಣ ಎಂದರೆ ಅಲ್ಲಿಯೂ ತೊಡಕು. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಲ್ಲಿ ಬಹುಮತವನ್ನು ತಲೆ ಎಣಿಸಿ ನೋಡುವುದಿಲ್ಲ, ಎಲ್ಲರಿಗೂ ಸೇರಿದ ಜಾಗದಲ್ಲಿ ಪ್ರತಿ ಫ್ಲ್ಯಾಟ್‌ಗೆ ಎಷ್ಟು ಅಂತ ಡಿಕ್ಲರೇಶನ್‌ನಲ್ಲಿ ಬರೆದಿರುವ ಶೇಕಡಾ ಪಾಲಿನ ಮೇಲೆ ನೋಡುತ್ತಾರೆ. ಮೇಲಿನ ದೊಡ್ಡ ಫ್ಲ್ಯಾಟ್‌ಗಳೆಲ್ಲ ಇನ್ನೂ ಬಿಲ್ಡರ್ ಹೆಸರಲ್ಲೇ ಇವೆ. ಸ್ಟಿಲ್ಟ್‌ನಲ್ಲಿ (ಕಟ್ಟಡದ ಕೆಳಗಿನ ಪಾರ್ಕಿಂಗ್ ಜಾಗದಲ್ಲಿ) ಕುರ್ಚಿ ಹಾಕಿ ಕೂತ ನಾವೆಲ್ಲ ಕೈ ಎತ್ತಿದರೂ ಅವರೊಬ್ಬರ ಪಾಲೇ ಹೆಚ್ಚಾಯಿತು. ಆ ಪಾಲಿನ ಪ್ರಮಾಣ ಬದಲಿಸಬೇಕೆಂದರೆ ಎಲ್ಲ ಮಾಲೀಕರೂ ಒಪ್ಪಬೇಕು, ಅಂದರೆ ಅವರೂ ಒಪ್ಪಬೇಕು.

ಹಾಗಂತ ಬೈಲಾದಲ್ಲಿ ಬರೆದದ್ದೆಲ್ಲ ಕಾನೂನಿಗಿಂತ ದೊಡ್ಡದಲ್ಲ. ರಿಯಲ್ ಎಸ್ಟೇಟ್ ವ್ಯವಹಾರವನ್ನು ನಿಯಂತ್ರಿಸುವ 2016ರ ರೇರಾ ಕಾಯ್ದೆ ಟೆರೇಸು, ಮೆಟ್ಟಿಲು, ಲಿಫ್ಟು, ಓಪನ್ ಪಾರ್ಕಿಂಗ್ ಇವನ್ನೆಲ್ಲ ಎಲ್ಲರಿಗೂ ಸೇರಿದ ಸಾಮಾನ್ಯ ಜಾಗ ಎಂದೇ ಹೇಳುತ್ತದೆ. ಅವುಗಳ ಹಕ್ಕನ್ನು ಬಿಲ್ಡರ್ ನಿವಾಸಿಗಳ ಸಂಘಕ್ಕೆ ಬರೆದುಕೊಡಬೇಕು. ನಾವೀಗ ಅದೇ ಆಧಾರದ ಮೇಲೆ ದೂರು ಸಿದ್ಧಪಡಿಸುತ್ತಿದ್ದೇವೆ. ಜಾಗ 500 ಚದರ ಮೀಟರ್ ಮೀರದಿದ್ದರೆ ಅಥವಾ ಮನೆಗಳು ಎಂಟನ್ನು ಮೀರದಿದ್ದರೆ ರೇರಾ ನೋಂದಣಿಯೇ ಕಡ್ಡಾಯವಲ್ಲ. ನಮ್ಮ ಊರಿನ ಒಳ ಬಡಾವಣೆಗಳಲ್ಲಿ ಅಂಥ ಚಿಕ್ಕ ಕಟ್ಟಡಗಳೂ ಇವೆ, ಅಲ್ಲಿ ಕೊಳ್ಳುವವರು ಇನ್ನೂ ಹುಷಾರಾಗಿರಿ.

ಬೈಲಾ ಕೈಗೆ ಸಿಕ್ಕಾಗ ಟೆರೇಸ್, ಪಾರ್ಕಿಂಗ್, ಮಾರಾಟವಾಗದ ಫ್ಲ್ಯಾಟಿನ ಮೆಂಟೆನೆನ್ಸ್, ಸಂಘದ ಲೆಕ್ಕ ಯಾರ ಕೈಯಲ್ಲಿ ಅನ್ನುವುದನ್ನು ಮೊದಲು ನೋಡಿ. ಡಿಕ್ಲರೇಶನ್‌ನಲ್ಲಿ ನಿಮ್ಮ ಫ್ಲ್ಯಾಟಿನ ಶೇಕಡಾ ಪಾಲನ್ನು ಅದೇ ಅಳತೆಯ ಪಕ್ಕದ ಫ್ಲ್ಯಾಟಿನ ಪಾಲಿನ ಜೊತೆ ಹೋಲಿಸಿ. ಇಂಗ್ಲಿಷ್ ತೊಡಕೆನಿಸಿದರೆ ವಕೀಲರಿಗೆ ಫೀಸ್ ಕೊಟ್ಟು ಓದಿಸಿ. ಫ್ಲ್ಯಾಟಿನ ಬೆಲೆಯ ಮುಂದೆ ಅದು ಏನೂ ಅಲ್ಲ. ಬಿಲ್ಡರ್ ಕಾಗದ ಕೊಡದಿದ್ದರೆ, ಡಿಕ್ಲರೇಶನ್ ನೋಂದಣಿಯಾಗಿದ್ದ ಪಕ್ಷದಲ್ಲಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅರ್ಜಿ ಹಾಕಿ ದೃಢೀಕೃತ ನಕಲು ಪಡೆಯಬಹುದು. ಹಳೆಯ ಮಾಲೀಕರಿಂದ ಕೊಳ್ಳುವವರು ಮೆಂಟೆನೆನ್ಸ್ ಬಾಕಿ ಇಲ್ಲ ಎಂದು ಸಂಘದಿಂದ ಬರಹದಲ್ಲಿ ಪಡೆದ ಮೇಲೆಯೇ ರಿಜಿಸ್ಟ್ರಿಗೆ ಹೋಗಿ.