"ಮೋಟರ್ ಸುಟ್ಟೈತ್ರಿ" ಅಂದ ಕೂಡಲೇ ದುಡ್ಡು ಕೊಡಬೇಡಿ: ಐಸ್ ಮೇಕರ್ ರಿಪೇರಿಯಲ್ಲಿ ನಾನು ಮೋಸ ಹೋದದ್ದು

ಬಾಗಲಕೋಟೆ ನವನಗರದವರು, ವಿದ್ಯಾಗಿರಿಯವರು ದಯವಿಟ್ಟು ಇದನ್ನು ಪೂರ್ತಿ ಓದಿ. ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಮಾತು ಹಿಂದೆ ಮುಂದೆ ಆದರೆ ಸಹಿಸಿಕೊಳ್ಳಿ. ಅಂಗಡಿ ಹೆಸರು ಹಾಕುವುದಿಲ್ಲ, ಹಾಕಿದರೆ ಅದೊಂದು ಬೇರೆ ರಗಳೆ. ಆದರೆ ಯಾರಾದರೂ ಬಂದು "ಮೋಟರ್ ಸುಟ್ಟೈತ್ರಿ" ಅಂದರೆ, ಯಾವ ಮೋಟರ್ ಅಂತ ಮೊದಲು ಕೇಳಿ. ನಾನು ಕೇಳಲಿಲ್ಲ.

ನಾಚಿಕೆಯ ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು. ಎಷ್ಟೋ ವರ್ಷ ಬೋರ್ಡ್ ಮೇಲೆ ಮೋಟರ್ ಚಿತ್ರ ಬರೆದು, ಸುರುಳಿ ಎಲ್ಲಿ, ಅಯಸ್ಕಾಂತ ಎಲ್ಲಿ, ಬ್ರಷ್ ಎಲ್ಲಿ ಅಂತ ಮಕ್ಕಳ ತಲೆ ತಿಂದಿದ್ದೇನೆ. ಶಾಲೆಯ ಲ್ಯಾಬ್‌ನಲ್ಲಿ ಮಲ್ಟಿಮೀಟರ್ ಇದೆ, ಆ ಕಪಾಟಿನ ಕೀಲಿ ನನ್ನ ಹತ್ತಿರವೇ ಇದೆ. ನಗುವವರು ಈಗಲೇ ನಕ್ಕುಬಿಡಿ.

ನಮ್ಮದು ಅಡುಗೆ ಕಟ್ಟೆ ಮೇಲೆ ಇಡುವ ಚಿಕ್ಕ ಐಸ್ ಮೇಕರ್. ಎರಡು ವರ್ಷದ ಹಿಂದೆ ಆನ್‌ಲೈನ್‌ನಲ್ಲಿ ತರಿಸಿದ್ದು, ವಾರಂಟಿ ಮುಗಿದಿತ್ತು. ನಮ್ಮ ಕಡೆಯ ಬೇಸಿಗೆ ಗೊತ್ತಲ್ಲ, 40 ಡಿಗ್ರಿ ದಾಟಿದ ಮೇಲೆ ಮನೆಗೆ ನಾಲ್ಕು ಜನ ಬಂದರೆ ಫ್ರಿಜ್‌ನ ಐಸ್ ಒಂದು ಸುತ್ತು ಶರಬತ್ತಿಗೂ ಸಾಲಲ್ಲ. ಈ ಮಷಿನ್ ಏಳೆಂಟು ನಿಮಿಷಕ್ಕೆ ಒಂಬತ್ತು ತುಂಡು ಹಾಕುತ್ತಿತ್ತು. ಕೆಳಗಿನ ಟ್ಯಾಂಕ್‌ನಿಂದ ಪಂಪ್ ನೀರು ಎತ್ತಿ ಒಂದು ಸಣ್ಣ ತಟ್ಟೆಗೆ ಬಿಡುತ್ತದೆ. ಬೆರಳಿನಂಥ ಒಂಬತ್ತು ಕಡ್ಡಿಗಳು ಆ ನೀರಿನಲ್ಲಿ ಮುಳುಗಿರುತ್ತವೆ, ಅವುಗಳ ಸುತ್ತ ಐಸ್ ಕಟ್ಟುತ್ತದೆ. ಆಮೇಲೆ ತಟ್ಟೆ ವಾಲುತ್ತದೆ, ಉಳಿದ ನೀರು ಕೆಳಗೆ ಹೋಗುತ್ತದೆ, ಕಡ್ಡಿ ಒಳಗೆ ಬಿಸಿ ಗ್ಯಾಸ್ ಹರಿದು ಐಸ್ ಕಳಚಿ ಬೀಳುತ್ತದೆ. ಅಷ್ಟೇ ಕೆಲಸ.

ಮಾರ್ಚ್ ಕೊನೆಗೆ ತಟ್ಟೆ ಅರ್ಧಕ್ಕೆ ಬಂದು ನಿಲ್ಲಲು ಶುರುವಾಯಿತು. ಕಟ್ ಕಟ್ ಕಟ್ ಅಂತ ಸದ್ದು, ಆಮೇಲೆ ಮುಂದಿನ ದೀಪಗಳೆಲ್ಲ ಮಿಣುಕು. ಕಡ್ಡಿಗೆ ಐಸ್ ಮಾತ್ರ ಚೆನ್ನಾಗಿ ಕಟ್ಟುತ್ತಿತ್ತು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ನನಗೆ ಪರೀಕ್ಷೆ ಡ್ಯೂಟಿ, ತಲೆ ಕೆಡಿಸಿಕೊಳ್ಳಲು ಪುರುಸೊತ್ತಿಲ್ಲ. ಪಕ್ಕದ ಮನೆಯವರು ನಂಬರ್ ಕೊಟ್ಟರು, ಫೋನ್ ಮಾಡಿದೆ.

ಬಂದವರು ಹಿಂದಿನ ಮುಚ್ಚಳ ಬಿಚ್ಚಿ, ಐದು ನಿಮಿಷ ಟಾರ್ಚ್ ಹಾಕಿ ನೋಡಿದರು. ಮೀಟರ್ ಹಚ್ಚಲಿಲ್ಲ, ಒಂದು ವೈರ್ ಕಳಚಲಿಲ್ಲ. "ಮೋಟರ್ ಸುಟ್ಟೈತ್ರಿ ಅಕ್ಕೋರ. ಅಂಗಡಿಗೆ ಒಯ್ಯಬೇಕ್ರಿ." ಈ ಪುಟ್ಟ ಡಬ್ಬಿಯಲ್ಲಿ ಕಂಪ್ರೆಸರ್ ಒಳಗೊಂದು, ಫ್ಯಾನಿಗೊಂದು, ಪಂಪಿಗೊಂದು, ತಟ್ಟೆ ತಿರುಗಿಸಲು ಒಂದು, ಹೀಗೆ ನಾಲ್ಕು ಮೋಟರ್ ಇವೆ. ಅವರು ಅಂದದ್ದು ಬರೀ ಮೋಟರ್. ನಾನು "ಹೌದಾ" ಅಂದೆ! ಬಂದು ನೋಡಿದ್ದಕ್ಕೆ 350, ಅಡ್ವಾನ್ಸ್ 2,000 ಕೊಟ್ಟು, ಆಟೋಕ್ಕೆ ಹತ್ತಿಸುವಾಗ ಕೈ ಬೇರೆ ಹಚ್ಚಿದೆ.

ಒಂದೇ ಒಂದು ಒಳ್ಳೇ ಕೆಲಸ ಮಾಡಿದ್ದೆ. ಮುಚ್ಚಳ ಬಿಚ್ಚಿದಾಗ, ಮಕ್ಕಳಿಗೆ ಗಿಯರ್ ತೋರಿಸಲು ಬರುತ್ತೆ ಅಂತ ಒಳಗಿನ ಎರಡು ಫೋಟೋ ತೆಗೆದಿದ್ದೆ.

ಆಮೇಲೆ ಹನ್ನೊಂದು ದಿನ ಫೋನಿನಲ್ಲೇ ಸಂಸಾರ. "ನಾಳಿ ಕೊಡ್ತೀನ್ರಿ." "ಪಾರ್ಟ್ ಹುಬ್ಬಳ್ಳಿಯಿಂದ ಬರಬೇಕ್ರಿ." "ಹುಬ್ಬಳ್ಯಾಗ ಸಿಗಲಿಲ್ರಿ, ಪುಣಾಕ್ಕ ಹೇಳೀನ್ರಿ." ಎಂಟನೇ ದಿನಕ್ಕೆ ಹೊಸ ಸುದ್ದಿ: "ಅಕ್ಕೋರ, ಗ್ಯಾಸೂ ಲೀಕ್ ಆಗೈತ್ರಿ, ಅರ್ಧ ಕೆಜಿ ತುಂಬಬೇಕ್ರಿ." ನಾನು ಅದಕ್ಕೂ ಆಯ್ತು ಅಂದೆ. ಯಾಕೆ ಅಂದೆ? ಮನೆಯಲ್ಲಿ ನೆಂಟರಿದ್ದರು, ನನಗೆ ಮಷಿನ್ ಬೇಕಿತ್ತು, ಅಷ್ಟೇ.

ಕೊನೆಗೆ ಕೈಗೆ ಸಿಕ್ಕಿದ್ದು ನೋಟ್‌ಬುಕ್ಕಿನಿಂದ ಹರಿದ ಒಂದು ಚೀಟಿ. ಮೋಟರ್ 2,400, ಗ್ಯಾಸ್ 1,800, ಮಜೂರಿ 1,050. ಮೊದಲಿನ 350 ಸೇರಿಸಿ ಒಟ್ಟು 5,600. ಜಿಎಸ್‌ಟಿ ಬಿಲ್ ಕೇಳಿದರೆ "ಅದು ಬೇಕಂದ್ರ ಇನ್ನೂ ಜಾಸ್ತಿ ಆಗ್ತೈತ್ರಿ" ಅಂದರು. ಹಳೇ ಮೋಟರ್ ಕೊಡಿ ಅಂದರೆ "ಗುಜರಿಗೆ ಹೋತ್ರಿ".

ಎರಡು ದಿನ ನಡೆಯಿತು. ಮೂರನೇ ದಿನ ಬೆಳಿಗ್ಗೆ ಮತ್ತೆ ಕಟ್ ಕಟ್ ಕಟ್.

ಅವತ್ತು ಬೀಳಗಿ ಕಡೆಯಿಂದ ನಮ್ಮ ಅಪ್ಪ ಬಂದಿದ್ದರು. ಹೊಲದ ಬೋರ್ ಮೋಟರ್ ಎಷ್ಟು ಸಲ ಸುಟ್ಟಿದೆಯೋ, ಎಷ್ಟು ಸಲ ವೈಂಡಿಂಗ್ ಮಾಡಿಸಿದ್ದಾರೋ ಅವರಿಗೇ ಲೆಕ್ಕ ಇಲ್ಲ. ನಾನು ಪ್ಲಗ್ ತೆಗೆದು ಮುಚ್ಚಳ ಬಿಚ್ಚಿದೆ. ಅಪ್ಪ ಬಗ್ಗಿ ತಟ್ಟೆಯ ಮೋಟರ್ ಮೂಸಿದರು. "ಇದು ಹೊಸಾದಂತೂ ಅಲ್ಲ ಯವ್ವಾ. ಸುಟ್ಟಿದ್ದೂ ಅಲ್ಲ. ಸುಟ್ಟಿದ್ರ ಕಮರು ವಾಸನಿ ಹೊಡೀತಿತ್ತು."

ಫೋನ್ ತೆಗೆದು ಹಳೇ ಫೋಟೋ ದೊಡ್ಡದು ಮಾಡಿ ಪಕ್ಕಕ್ಕೆ ಹಿಡಿದೆ. ಫೋಟೋದಲ್ಲಿ ಮೋಟರ್ ಲೇಬಲ್‌ನ ಬಲಗಡೆ ಮೂಲೆ ಹರಿದಿತ್ತು, ಅಕ್ಷರವೊಂದು ಅರ್ಧಕ್ಕೆ ತುಂಡಾಗಿತ್ತು. ಎದುರಿಗಿದ್ದ "ಹೊಸ" ಮೋಟರ್‌ದೂ ಅದೇ ಮೂಲೆ ಹರಿದಿದೆ, ಅದೇ ಅಕ್ಷರ ಅರ್ಧ. ಪೆಟ್ರೋಲ್ ಹಾಕಿ ಒರೆಸಿ ಫಳಫಳ ಮಾಡಿದ್ದಾನೆ ಅಷ್ಟೇ. ಇಲ್ಲಿಂದ ಅವನು ಅಂತಲೇ ಬರೆಯುತ್ತೇನೆ, ಮರ್ಯಾದೆ ಮುಗಿಯಿತು. ಎಷ್ಟು ಹೊತ್ತು ಆ ಹರಿದ ಮೂಲೆ ನೋಡುತ್ತಾ ಕೂತಿದ್ದೆನೋ ಗೊತ್ತಿಲ್ಲ. ಅಪ್ಪ ಏನೂ ಅನ್ನಲಿಲ್ಲ, ಅದೇ ಇನ್ನೂ ಕಷ್ಟ.

ಎರಡೂ ಫೋಟೋ ಅವನಿಗೆ ಕಳಿಸಿ ಫೋನ್ ಮಾಡಿದೆ. ಉತ್ತರ ಕೇಳಿ: "ಕಂಪನಿಯಿಂದನ ಹಂಗ ಬರ್ತಾವ್ರಿ ಅಕ್ಕೋರ."

ಹರಿದ ಲೇಬಲ್ ಕಂಪನಿಯಿಂದಲೇ ಬರುತ್ತದಂತೆ! ಅದೇ ಮೂಲೆಗೆ, ಅದೇ ಅಕ್ಷರಕ್ಕೆ! ಜೋರು ಮಾಡಿದ್ದಕ್ಕೆ "ನೀವು ಓದಿದವರದೀರಿ, ನಿಮಗೇನ್ ಹೇಳೂದ್ರಿ" ಅಂದು ಇಟ್ಟುಬಿಟ್ಟ. ಆ ಮಾತು ಇನ್ನೂ ಕಿವಿಯಲ್ಲಿದೆ.

ಸಂಜೆ ಅಣ್ಣನ ಮಗ ಬಂದ, ಇಂಜಿನಿಯರಿಂಗ್ ಓದುತ್ತಾನೆ. ಮೋಟರ್ ಮೇಲೆ 12 ವೋಲ್ಟ್ ಡಿಸಿ ಅಂತ ಇತ್ತು. ಹಳೇ ಸೆಟ್‌ಟಾಪ್ ಬಾಕ್ಸ್‌ನ 12 ವೋಲ್ಟ್ ಅಡಾಪ್ಟರ್ ಹುಡುಕಿ ತಂದ, ಮೋಟರ್ ಬಿಚ್ಚಿ ಎರಡು ವೈರ್ ಮುಟ್ಟಿಸಿದ. ತಣ್ಣಗೆ ತಿರುಗಿತು. "ಅತ್ತಿ, ಮೋಟರ್ ಗಟ್ಟಿ ಐತಿ" ಅಂದ. ದೋಷ ಇದ್ದದ್ದು ತಟ್ಟೆಯ ಕೀಲಿನಲ್ಲಿ. ನಮ್ಮ ಬೋರಿನ ಸವಳು ನೀರು ಗೊತ್ತಲ್ಲ, ಬಕೆಟ್ಟಿಗೆ ಕಟ್ಟುವ ಬಿಳಿ ಪದರವೇ ಅಲ್ಲೂ ಚಕ್ಕೆ ಚಕ್ಕೆಯಾಗಿ ಕೂತಿತ್ತು. ಕೈಯಲ್ಲಿ ತಿರುಗಿಸಿದರೂ ತಟ್ಟೆ ಅರ್ಧಕ್ಕೆ ಬಿಗಿ. ಜೊತೆಗೆ, ತಟ್ಟೆ ಕೊನೆ ಮುಟ್ಟಿತು ಅಂತ ಮಷಿನ್‌ನ ಸರ್ಕ್ಯೂಟ್ ಬೋರ್ಡಿಗೆ ಹೇಳುವ ಪುಟ್ಟ ಮೈಕ್ರೋ ಸ್ವಿಚ್ ಜಂಗು ಹಿಡಿದಿತ್ತು, ಒತ್ತಿದರೂ ಟಿಕ್ ಅನ್ನುತ್ತಿರಲಿಲ್ಲ. ಸ್ವಿಚ್ 40 ರೂಪಾಯಿ. ಪದರ ಬಿಡಿಸಲು ಕಿರಾಣಿ ಅಂಗಡಿಯ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್), ಬಿಸಿ ನೀರು, ಹಳೇ ಹಲ್ಲುಜ್ಜುವ ಬ್ರಷ್. ಅಷ್ಟರಲ್ಲಿ ಮುಗಿಯಿತು, ಈಗ ನಡೆಯುತ್ತಿದೆ.

ಇನ್ನು ಆ ಗ್ಯಾಸ್. ಗ್ಯಾಸ್ ಹೋಗಿದ್ದರೆ ಕಡ್ಡಿಗೆ ಐಸ್ ಹೇಗೆ ಕಟ್ಟುತ್ತಿತ್ತು? ಇಷ್ಟು ಯೋಚನೆ ಮಾಡಲಿಲ್ಲ ನಾನು! ಮಷಿನ್ ಹಿಂಭಾಗದ ಲೇಬಲ್ ನೋಡಿದರೆ ಆರ್600ಎ ಅನ್ನುವ ಗ್ಯಾಸ್, 28 ಗ್ರಾಂ. ಅರ್ಧ ಕೆಜಿ ಎಲ್ಲಿ, 28 ಗ್ರಾಂ ಎಲ್ಲಿ. ಗ್ಯಾಸ್ ತುಂಬಬೇಕಾದರೆ ಕಂಪ್ರೆಸರ್‌ನ ತುದಿ ಮುಚ್ಚಿದ ತಾಮ್ರದ ನಳಿಗೆ ಕೈ ಹಚ್ಚಲೇಬೇಕು. ಅಲ್ಲಿ ಹೊಸ ಬೆಸುಗೆ ಇಲ್ಲ, ಹಳೇ ಧೂಳು ಹಾಗೇ ಕೂತಿದೆ. ಮೇಲಾಗಿ ಆ ಗ್ಯಾಸ್ ಬೆಂಕಿ ಹತ್ತುವಂಥದ್ದು, ಇಂಥವರು ನಿಜವಾಗಿ ಕೈ ಹಾಕದೇ ಇದ್ದದ್ದೇ ಒಳ್ಳೇದಾಯ್ತೇನೋ.

ಸವಳು ನೀರು ಹಾಕುವವರು ತಿಂಗಳಿಗೊಮ್ಮೆ ನಿಂಬೆ ಉಪ್ಪಿನ ನೀರಲ್ಲಿ ತೊಳೆಯಿರಿ. ರಿಪೇರಿಯವರು ಮೀಟರ್ ಹಚ್ಚದೆ ಸುಟ್ಟಿದೆ ಅಂದರೆ ವಾಪಸ್ ಕಳಿಸಿ. ಹಳೇ ಪಾರ್ಟ್ ಕೈಗೆ ಬರದೆ ಬಾಕಿ ಕೊಡಬೇಡಿ. ಮಷಿನ್ ಮನೆಯಿಂದ ಹೊರಗೆ ಹೋಗುವ ಮುಂಚೆ ಒಳಗಿನ ಫೋಟೋ ತೆಗೆಯಿರಿ, ಫೋಟೋ ತೆಗೆಯಿರಿ, ಫೋಟೋ ತೆಗೆಯಿರಿ.

1915ಕ್ಕೆ, ಅಂದರೆ ಗ್ರಾಹಕರ ಸಹಾಯವಾಣಿಗೆ, ಫೋನ್ ಮಾಡಿ ದೂರು ಬರೆಸಿದೆ. ದೂರಿನ ನಂಬರ್ ಅವನಿಗೆ ಕಳಿಸಿದ ಮೇಲೆ ಅವನದೇ ಫೋನ್ ಬಂತು. "ಅಕ್ಕೋರ, ಹುಡುಗರು ತಪ್ಪು ಮಾಡ್ಯಾರ್ರಿ, ನನಗ ಗೊತ್ತ ಇಲ್ರಿ." ಬಂದವನೂ ಅವನೇ, ಬಿಚ್ಚಿದವನೂ ಅವನೇ, ಯಾವ ಹುಡುಗರು? 1,500 ಹಾಕಿದ್ದಾನೆ, ಇನ್ನೂ 4,100 ಬರಬೇಕು. ಮನೆಯವರು "ಬಿಡು ಹೋಗಲಿ" ಅನ್ನುತ್ತಿದ್ದಾರೆ. ಮೇ ಕೊನೆಯವರೆಗೆ ನನಗೆ ರಜೆ ಇದೆ. ದಿನಾ ಆ ಎರಡು ಫೋಟೋ ಹಿಡಿದುಕೊಂಡು ಅವನ ಅಂಗಡಿ ಮುಂದೆ ಹೋಗಿ ಕೂರುತ್ತೇನೆ.