ಗೆಳೆಯನ ಗುರುದೀಕ್ಷೆಗೆ ಕಸೂತಿ ಸ್ಟೋಲ್: ಮಟ್ಕಾ ಸಿಲ್ಕು, ಕ್ಯಾನ್ವಾಸು, ದಾರ ಹೇಗಿದ್ವು

ಕಾಲೇಜಲ್ಲಿ ಮೂರು ವರ್ಷ ನನ್ನ ಲ್ಯಾಬ್ ಪಾರ್ಟ್ನರ್ ಆಗಿದ್ದವನು ಈ ವರ್ಷ ಫಾದರ್ ಆದ. ಡಿಗ್ರಿ ಮುಗಿಸಿ ಫಾದರ್ ಆಗೋರು ಓದೋ ಗುರುಮಠ ಸೇರಿ, ಅಷ್ಟು ವರ್ಷ ಓದಿ, ಫಾದರ್ ಆಗೋಕೆ ಮುಂಚಿನ ಹಂತವಾದ ಡೀಕನ್ ಆಗಿ, ಕೊನೆಗೆ ಗುರುದೀಕ್ಷೆ ತಾರೀಕು ಗೊತ್ತಾಯ್ತು ಅಂತ ಫೋನ್ ಮಾಡ್ದಾಗ ನಾನೇ ಕೇಳ್ದೆ, ನಿನ್ ಸ್ಟೋಲ್ ನಾನು ಹೊಲಿದು ಕೊಡ್ಲಾ ಅಂತ. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ "ಹೊಲಿ ಕಣೇ, ಅದನ್ನೇ ಹಾಕ್ಕೋತೀನಿ" ಅಂದ. ಅದಕ್ಕೆ ತಗೊಂಡ ಸಾಮಾನುಗಳ ರಿವ್ಯೂ ಇದು. ಬ್ಲೌಸ್ ಹೊಲಿಯೋದು ಗೊತ್ತಿದ್ರೂ ಸ್ಟೋಲ್ ಬೇರೆಯದೇ ಲೆಕ್ಕ, ಯಾರಾದ್ರೂ ಹೊಲಿಯೋಕೆ ಹೊರಟಿದ್ರೆ ಉಪಯೋಗಕ್ಕೆ ಬರ್ಲಿ ಅಂತ ಬರೀತಿದೀನಿ.

ಸ್ಟೋಲ್ ಅಂದ್ರೆ ಪೂಜೆ ಟೈಮಲ್ಲಿ ಫಾದರ್ ಕುತ್ತಿಗೆಯಿಂದ ಮುಂದಕ್ಕೆ ಎರಡೂ ಕಡೆ ಇಳಿಬಿಡೋ ಉದ್ದದ ಪಟ್ಟಿ. ಡೀಕನ್ ಆಗಿದ್ದಾಗ ಎಡ ಭುಜದಿಂದ ಬಲ ಸೊಂಟದ ಕಡೆಗೆ ಅಡ್ಡ ಹಾಕ್ಕೋತಾರೆ, ಫಾದರ್ ಆದ್ಮೇಲೆ ಕುತ್ತಿಗೆಯಿಂದ ನೇರ. ಗುರುದೀಕ್ಷೆಲಿ ಧರ್ಮಾಧ್ಯಕ್ಷರು (ಬಿಷಪ್) ತಲೆ ಮೇಲೆ ಕೈ ಇಟ್ಟು ಪ್ರಾರ್ಥನೆ ಮಾಡಿದ ಮೇಲೆ ಹೊಸ ಫಾದರ್‌ಗೆ ಹಂಗೆ ಹಾಕಿ, ಅದ್ರ ಮೇಲೆ ಚಾಸುಬಲ್ ಅನ್ನೋ ಅಗಲದ ಪೂಜಾವಸ್ತ್ರ ತೊಡಿಸ್ತಾರೆ. ನಾನು ಹೊಲಿದಿದ್ದು ಒಂದೊಂದು ಕಡೆ 52 ಇಂಚು ಉದ್ದ, ನಾಲ್ಕೂವರೆ ಇಂಚು ಅಗಲ.

ಮೊದಲು ಬಟ್ಟೆ. ನಮ್ಮೂರ ಸಿಲ್ಕೇ ಇರ್ಲಿ ಅನ್ನೋ ಆಸೆಗೆ ಮನೇಲಿದ್ದ ಮೈಸೂರು ಸಿಲ್ಕಿನ ತುಂಡು ತಗೊಂಡು ಟ್ರೈ ಮಾಡ್ದೆ. ಅದು ಕ್ರೇಪ್, ನೂಲನ್ನ ಗಟ್ಟಿಯಾಗಿ ಹುರಿ ಮಾಡಿ ನೇಯ್ದಿರೋದು, ಸೀರೆಗೆ ಆ ಇಳಿಬೀಳೋ ಗುಣಾನೇ ಚೆಂದ, ಆದ್ರೆ ನಾಲ್ಕೂವರೆ ಇಂಚಿನ ಪಟ್ಟಿ ಮಾಡಿ ನೇತು ಹಾಕಿದ್ರೆ ಅಂಚು ಅಲೆ ಅಲೆ ಆಗುತ್ತೆ, ಕತ್ತರಿಗೂ ಜಾರುತ್ತೆ. ರೆಡಿಮೇಡ್ ಸ್ಟೋಲ್‌ಗಳೂ ನೋಡ್ದೆ, ಜಾಸ್ತಿ ಹೊಳೆಯೋ ಪಾಲಿಯೆಸ್ಟರ್, ಮೇಲೆ ಮೆಷಿನ್ ಎಂಬ್ರಾಯ್ಡರಿ ಒಂದಿಂಚೂ ಖಾಲಿ ಬಿಡ್ದಂಗೆ. ಇದನ್ನ ಅವನಿಗೆ ಹೇಳಿದ್ದಕ್ಕೆ ರೋಮನ್ ಪೂಜಾಗ್ರಂಥದ ಮುನ್ನುಡಿ ನಿಯಮಗಳಲ್ಲಿ 343, 344 ಓದು ಅಂತ ಕಳಿಸ್ದ. ಆಯಾ ಪ್ರದೇಶದ ಸಹಜ ಬಟ್ಟೆಗಳನ್ನ ಬಳಸಬಹುದು, ಪೂಜಾವಸ್ತ್ರದ ಸೌಂದರ್ಯ ಬರೋದು ವಿಪರೀತ ಅಲಂಕಾರದಿಂದಲ್ಲ, ಬಟ್ಟೆಯಿಂದ ಮತ್ತೆ ಅದರ ಆಕಾರದಿಂದ ಅಂತ ಅದ್ರಲ್ಲಿದೆ. ಓದಿ ನಂಗೆ ತುಂಬಾ ಸಮಾಧಾನ ಆಯ್ತು, ನಮ್ಮತ್ತೆ ಕಸೂತಿ ಬಗ್ಗೆ ಹೇಳೋದೂ ಹೆಚ್ಚುಕಮ್ಮಿ ಇದನ್ನೇ.

ಕೊನೆಗೆ ಚಿಕ್ಕಪೇಟೇಲಿ ತಗೊಂಡಿದ್ದು ಹಾಫ್ ವೈಟ್ ಮಟ್ಕಾ ಸಿಲ್ಕ್, ಮೀಟರಿಗೆ 850, ಒಂದೂವರೆ ಮೀಟರ್ ಸಾಕಾಯ್ತು. ಪಟ್ಟಿಗಳನ್ನ ಬಟ್ಟೆಯ ಉದ್ದಕ್ಕೆ ಅಂದ್ರೆ ಹಾಸಿನ ನೂಲಿನ ಗುಂಟ ಕತ್ತರಿಸ್ಬೇಕು, ಅಡ್ಡ ಕತ್ತರಿಸಿದ್ರೆ ಜೋತು ಬೀಳುತ್ತೆ. 44 ಇಂಚು ಪನ್ನ ಇರೋದ್ರಿಂದ ಇನ್ನೂ ಸ್ಟೋಲ್ ಆಗೋವಷ್ಟು ಬಟ್ಟೆ ಮಿಕ್ಕಿದೆ. ಹೊಕ್ಕಿನ (ಅಡ್ಡ) ನೂಲು ದಪ್ಪ, ಅಲ್ಲಲ್ಲಿ ಸಣ್ಣ ಸಣ್ಣ ಗಂಟು, ಹೊಳಪು ಕಮ್ಮಿ, ಕೈಯಲ್ಲಿ ಹಿಡಿದ್ರೆ ತೂಕ ಗೊತ್ತಾಗುತ್ತೆ. ಇದಕ್ಕೆ ನನ್ನ ಕಡೆಯಿಂದ ಐದಕ್ಕೆ ಐದು. ಒಂದೇ ತೊಂದರೆ ಕತ್ತರಿಸಿದ ಕಡೆ ನೂಲು ಬಿಚ್ಕೋತಾನೇ ಇರುತ್ತೆ, ಕತ್ತರಿಸಿದ ತಕ್ಷಣ ಓವರ್‌ಲಾಕ್ ಮಾಡಿಸ್ಬಿಡಿ.

ಕಸೂತಿ ಅಂದ್ರೆ ಬಟ್ಟೆ ನೂಲು ಎಣಿಸಿ ಹಾಕೋ ಕೆಲಸ, ಡ್ರಾಯಿಂಗ್ ಇರಲ್ಲ. ಮಟ್ಕಾದಲ್ಲಿ ನೂಲು ಒಂದೇ ಸಮ ಇಲ್ದಿರೋದ್ರಿಂದ ಎಣಿಸೋಕೆ ಆಗಲ್ಲ, ಹಾಗಾಗಿ ಸಿಲ್ಕ್ ಸೀರೆಗೆ ಮಾಡೋ ಹಾಗೆ ಮೇಲೆ ಸಾಲಾಗಿ ತೂತಿರೋ ಕ್ಯಾನ್ವಾಸ್ ಬಟ್ಟೆ ಇಟ್ಟು ಟಾಕಾ ಹಾಕಿ, ಕಸೂತಿ ಮುಗಿದ ಮೇಲೆ ಕ್ಯಾನ್ವಾಸಿನ ಎಳೆ ಒಂದೊಂದಾಗಿ ಎಳೆದು ತೆಗೀಬೇಕು. ಇಂಚಿಗೆ 14 ತೂತಿಂದು ತಗೊಂಡೆ. ಸೂಜಿ ತೂತಲ್ಲೇ ಹೋಗ್ಬೇಕು, ಕ್ಯಾನ್ವಾಸಿನ ಎಳೆಗೆ ಚುಚ್ಚಿತೋ ಆಮೇಲೆ ಆ ಎಳೆ ಬರಲ್ಲ, ಜಗ್ಗಿದ್ರೆ ಹೊಲಿಗೆ ಸಮೇತ ಬರುತ್ತೆ. ಇನ್ನೊಂದು, ಹೊಲಿಗೆ ಸ್ವಲ್ಪ ಬಿಗಿಯಾಗೇ ಎಳೀಬೇಕು, ಇಲ್ಲಾಂದ್ರೆ ಕ್ಯಾನ್ವಾಸ್ ಹೋದ್ಮೇಲೆ ಅದ್ರ ದಪ್ಪದಷ್ಟು ದಾರ ಸಡಿಲ ಆಗಿ ಮೇಲೆ ನಿಂತ್ಕೊಳುತ್ತೆ.

ದಾರದ ವಿಷಯ ದಯವಿಟ್ಟು ಗಮನ ಇಟ್ಟು ಓದಿ. ಮೊದಲ ಸಲ ನಾನು ಲೂಸಾಗಿ ಮಾರೋ ಮೆರೂನ್ ದಾರ ತಗೊಂಡೆ, ಬಣ್ಣ ತುಂಬಾ ಇಷ್ಟ ಆಗಿತ್ತು. ಒಂದು ತುದಿಗೆ ಗೋಪುರದ ಕಸೂತಿ ಪೂರ್ತಿ ಮುಗಿಸಿ, ಕ್ಯಾನ್ವಾಸಿನ ಗಂಜಿ ಮೆತ್ತಗಾಗ್ಲಿ ಅಂತ ಒದ್ದೆ ಬಟ್ಟೆ ಒತ್ತಿದೆ, ಐದು ನಿಮಿಷ ಬಿಟ್ಟು ತೆಗೆದ್ರೆ ಗೋಪುರದ ಸುತ್ತ ಸಿಲ್ಕೆಲ್ಲ ಗುಲಾಬಿ. ಎರಡು ವಾರದ ಕೆಲಸ. ಅವತ್ತು ರಾತ್ರಿ ಊಟ ಸೇರ್ಲಿಲ್ಲ. ಆ ಪಟ್ಟಿ ಎತ್ತಿಟ್ಟು ಹೊಸದು ಕತ್ತರಿಸಿ ಮತ್ತೆ ಶುರು ಮಾಡ್ದೆ, ಈ ಸಲ ಆಂಕರ್ ಕಾಟನ್ ದಾರ, ಒಂದು ಲಡಿ 8 ಮೀಟರ್, ಆರು ಎಳೆ ಇರುತ್ತೆ ಅದ್ರಲ್ಲಿ ಎರಡೆರಡು ಎಳೆ ಬಿಡಿಸ್ಕೊಂಡು ಹಾಕ್ದೆ. ಮೊದಲೇ ಒಂದು ಗೇಣು ದಾರ ನೆನೆಸಿ ಬಿಳಿ ಬಟ್ಟೆ ಮಧ್ಯ ಇಟ್ಟು ಇಸ್ತ್ರಿ ಮಾಡಿ ನೋಡ್ದೆ, ಚೂರೂ ಬಣ್ಣ ಬಿಡ್ಲಿಲ್ಲ. ಆದ್ರೂ ಎರಡನೇ ಸಲ ನೀರು ಮುಟ್ಟಿಸದೇ ಒಣಗಿರೋ ಹಾಗೇ ಚಿಮಟದಲ್ಲಿ ಎಳೆ ಎಳೆದೆ, ನಿಧಾನ ಆಗುತ್ತೆ ಆದ್ರೆ ಸಿಲ್ಕಿಗೆ ಅದೇ ಸೇಫ್.

ಡಿಸೈನ್ ಅತ್ತೆಯವರದ್ದು. ಅವ್ರು ಧಾರವಾಡದವ್ರು, ಗವಂತಿ, ಮುರ್ಗಿ, ನೇಗಿ, ಮೆಂತೆ ನಾಲ್ಕೂ ಹೊಲಿಗೆ ಕೈಯಲ್ಲೇ ಇದೆ. ಗವಂತಿ ಅಂದ್ರೆ ಹೋದ ದಾರಿಲೇ ವಾಪಸ್ ಬಂದು ಬಿಟ್ಟ ಜಾಗ ತುಂಬೋದು, ಹಿಂದೆ ಮುಂದೆ ಒಂದೇ ಥರ ಕಾಣುತ್ತೆ. ಒಳಗೆ ಲೈನಿಂಗ್ ಬರುತ್ತಲ್ಲ ಅತ್ತೆ, ಹಿಂದೆ ಒಂದು ಗಂಟು ಹಾಕ್ಲಾ ಅಂದ್ರೆ "ಬ್ಯಾಡವಾ, ದೇವರ ಮುಂದ ಹಾಕ್ಕೊಳ್ಳೂದು, ಹಿಂದಿನ ಬಾಜೂನೂ ಛಂದ ಇರ್ಲಿ" ಅಂದ್ರು. ಒಂದೂ ಗಂಟು ಹಾಕ್ಲಿಲ್ಲ.

ಎದೆ ಹತ್ರ ದೊಡ್ಡದಾಗಿ ಹಾಕ್ಬೇಕು ಅಂದ್ಕೊಂಡಿದ್ದೆ, ಅವನೇ ತಡೆದ. ಚಾಸುಬಲ್ ಮೇಲೆ ಬಂದ್ರೆ ಸ್ಟೋಲ್ ಹೆಚ್ಚುಕಮ್ಮಿ ಪೂರ್ತಿ ಮುಚ್ಚೋಗುತ್ತೆ, ಕಂಡ್ರೆ ಕೆಳಗಿನ ತುದಿ ಮಾತ್ರ. ಹಾಗಾಗಿ ಎರಡು ತುದಿಗೆ ಗವಂತಿಯಲ್ಲಿ ಗೋಪುರ, ಅದ್ರ ನೆತ್ತಿ ಮೇಲೆ ಶಿಲುಬೆ, ಮಧ್ಯ ಉದ್ದಕ್ಕೂ ಖಾಲಿ ಸಿಲ್ಕು. ಕುತ್ತಿಗೆ ಹಿಂದೆ ಎರಡು ಪಟ್ಟಿ ಸೇರೋ ಕಡೆ ಸ್ವಲ್ಪ ಓರೆಯಾಗಿ ಜಾಯಿಂಟ್ ಮಾಡ್ಬೇಕು, ಆಗ್ಲೇ ಭುಜದ ಮೇಲೆ ಸರಿಯಾಗಿ ಕೂರೋದು. ಆ ಜಾಯಿಂಟ್ ಮೇಲೆ ಮೆಂತೆ ಹೊಲಿಗೇಲಿ ಒಂದು ಪುಟ್ಟ ಶಿಲುಬೆ. ಹಾಕ್ಕೊಳ್ಳೋ ಮುಂಚೆ ಫಾದರ್‌ಗಳು ಅಲ್ಲಿಗೆ ಮುತ್ತಿಡ್ತಾರೆ. ಜನ ನೋಡೋ ಜಾಗ ಅಲ್ಲ ಅದು, ಆದ್ರೆ ಪ್ರತಿ ಪೂಜೆಗೂ ಅವನ ಕಣ್ಣಿಗೆ ಮೊದಲು ಬೀಳೋದು ಅದೇ, ಅದಕ್ಕೇ ಅಷ್ಟು ಚಿಕ್ಕದನ್ನ ಮೂರು ಸಲ ಬಿಚ್ಚಿ ಹಾಕಿದೀನಿ.

ಒಳಗೆ ಗಟ್ಟಿ ಮಾಡೋಕೆ ಅಂತ ಬಕ್ರಂ ಹಾಕ್ಬೇಡಿ, ಕುತ್ತಿಗೆ ಹತ್ರ ರಟ್ಟಿನ ಥರ ಮಡಚ್ಕೊಳುತ್ತೆ. ಕೋರಾ ಕಾಟನ್ ಬಟ್ಟೆ ಎರಡು ಸಲ ಒಗೆದು ಕುಗ್ಗಿಸಿ ಹಾಕಿದ್ದು ಚೆನ್ನಾಗಿ ಬಂತು. ಮೆಷಿನ್‌ಗೆ 11 ನಂಬರ್ ಸೂಜಿ, ಲೈನಿಂಗ್ ಮಾತ್ರ ಕೈಹೊಲಿಗೆ.

ಗುರುದೀಕ್ಷೆ ದಿನ ಚಾಸುಬಲ್ ಕೆಳಗೆ ಎರಡು ಗೋಪುರದ ತುದಿ ಮಾತ್ರ ಕಾಣ್ತಿತ್ತು, ಪಕ್ಕದಲ್ಲಿ ಕೂತಿದ್ದ ಅತ್ತೆ ಮುಂದಕ್ಕೆ ಬಾಗಿ ಅದನ್ನೇ ನೋಡ್ತಿದ್ರು. ಪೂಜೆ ಮುಗಿದ್ಮೇಲೆ ಹೊಸ ಫಾದರ್ ಆಶೀರ್ವಾದ ತಗೊಳ್ಳೋಕೆ ಸಾಲಲ್ಲಿ ಹೋದ್ವಿ, ನನ್ ತಲೆ ಮೇಲೆ ಕೈ ಇಟ್ಟಾಗ ಇಬ್ರಿಗೂ ಅಳು ಬಂತು.

ಈಗ ಚರ್ಚ್ ಕ್ಯಾಲೆಂಡರಿನ ಸಾಧಾರಣ ಕಾಲದ ಭಾನುವಾರಗಳಿಗೆ ಹಸಿರು ಸ್ಟೋಲ್ ಬೇಕಂತೆ. ಮಿಕ್ಕಿರೋ ಬಟ್ಟೆಗೆ ಬಣ್ಣ ಹಾಕ್ಸೋಕೆ ನಂಗೆ ಧೈರ್ಯ ಇಲ್ಲ. ಬೆಂಗಳೂರಲ್ಲಿ ಎಳೆ ಬಾಳೆಎಲೆ ಹಸಿರು ಮಟ್ಕಾ, ಗಿಳಿ ಹಸಿರಲ್ಲ, ಎಲ್ಲಾದ್ರೂ ನೋಡಿದ್ರೆ ಹೇಳಿ.