ಪಿಎಂ ಆವಾಸ್ ನಗರ 2.0: ಮನೆ ಒಡೆದು ಎರಡಾಯ್ತು, ಖಾತೆ ಇನ್ನೂ ಒಂದೇ

ಪುರಸಭೆ, ಪಟ್ಟಣ ಪಂಚಾಯಿತಿ ಇರುವ ಊರುಗಳಲ್ಲಿ ಪ್ರಧಾನಮಂತ್ರಿ ಆವಾಸ್ ಯೋಜನೆ ಎಂದರೆ ಬಹುಪಾಲು ಒಂದೇ ಅರ್ಥ: ಸೈಟು ನಿಮ್ಮದು, ಕಟ್ಟಿಸುವವರೂ ನೀವೇ, ಸರ್ಕಾರದ್ದು ಸಹಾಯಧನ. 2024ರ ಸೆಪ್ಟೆಂಬರ್‌ನಲ್ಲಿ ಶುರುವಾದ ಎರಡನೇ ಆವೃತ್ತಿಗೆ ನಮ್ಮ ಅಂಕ: ಕಾಗದ ಸರಿಯಿದ್ದವರ ಮಟ್ಟಿಗೆ ಐದಕ್ಕೆ ನಾಲ್ಕು, ಬಾಡಿಗೆ ಮನೆಯವರ ಮಟ್ಟಿಗೆ ಒಂದು.

ಮೊದಲು ದುಡ್ಡಿನ ಲೆಕ್ಕ. ಕೇಂದ್ರದಿಂದ 1.5 ಲಕ್ಷ, ರಾಜ್ಯದಿಂದ ಕನಿಷ್ಠ 1 ಲಕ್ಷ. ಕುಟುಂಬದ ವಾರ್ಷಿಕ ಆದಾಯ 3 ಲಕ್ಷ ಮೀರಬಾರದು. ಕಾರ್ಪೆಟ್ ಏರಿಯಾ, ಅಂದರೆ ಗೋಡೆ ಬಿಟ್ಟು ಒಳಗಿನ ಜಾಗ, 30ರಿಂದ 45 ಚದರ ಮೀಟರ್. 30 ಎಂದರೆ 323 ಚದರಡಿ, ಗೋಡೆ ಸೇರಿದರೆ ಸುಮಾರು 380. ಚದರಡಿಗೆ 1,800 ರೂಪಾಯಿ ಹಿಡಿದರೂ 6.84 ಲಕ್ಷ ಬೇಕು. ಸಹಾಯಧನ ಕಳೆದು 4.34 ಲಕ್ಷ ನೀವೇ ಹೊಂದಿಸಬೇಕು. ಹಣವೂ ಒಂದೇ ಕಂತಲ್ಲಿ ಬರುವುದಿಲ್ಲ. ಪಾಯ, ಲಿಂಟಲ್, ಛಾವಣಿ ಹೀಗೆ ಕೆಲಸ ಮೇಲೇರಿದಂತೆ ಜಿಪಿಎಸ್ ಫೋಟೊ ಅಪ್‌ಲೋಡ್ ಆಗಬೇಕು. ಪಾಯದ ಖರ್ಚು ಕೈಯಲ್ಲಿಲ್ಲದೆ ಹಳೆ ಮನೆ ಕೆಡವಿದರೆ ಬಾಡಿಗೆಯೂ ತಲೆಮೇಲೆ ಬೀಳುತ್ತದೆ. ಫೋಟೊ ಬಾಕಿ ಇರುವಾಗಲೇ ಮೇಸ್ತ್ರಿ ಮುಂದಿನ ಹಂತಕ್ಕೆ ಹೋದರೆ ಕಂತು ಸಿಕ್ಕಿಕೊಳ್ಳುವ ಸಂಭವ ಹೆಚ್ಚು.

ನಿಜವಾದ ತೊಡಕು ಇರುವುದು ಖಾತೆಯಲ್ಲಿ, ಅಂದರೆ ಸೈಟು ಯಾರ ಹೆಸರಲ್ಲಿದೆ ಎನ್ನುವ ಪುರಸಭೆಯ ದಾಖಲೆಯಲ್ಲಿ. ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ ಮಕ್ಕಳ ಸಂಖ್ಯೆ 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 1.7ಕ್ಕೆ ಇಳಿದಿದೆ. ಹಾಗಂತ ಮನೆಗಳ ಬೇಡಿಕೆ ಇಳಿಯುವುದಿಲ್ಲ. ಅಣ್ಣತಮ್ಮಂದಿರು ಬೇರೆ ಒಲೆ ಹೂಡಿದಾಗ ಜನ ಅಷ್ಟೇ, ಮನೆ ಎರಡು ಬೇಕು. ಯೋಜನೆಯ ಲೆಕ್ಕದಲ್ಲೂ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು ಸೇರಿದರೆ ಒಂದು ಕುಟುಂಬ. ಅಂದರೆ ಮದುವೆಯಾದ ತಮ್ಮನಿಗೆ ಪ್ರತ್ಯೇಕ ಅರ್ಹತೆ ಇದೆ. ಆದರೆ ಸೈಟಿನ ಖಾತೆ ಮಾತ್ರ ತೀರಿಹೋದ ಅಪ್ಪನ ಹೆಸರಲ್ಲೇ ಕೂತಿರುತ್ತದೆ. ಅರ್ಜಿಗೆ ಮುಂಚೆ ಮರಣ ಪ್ರಮಾಣಪತ್ರ, ವಂಶವೃಕ್ಷ ಹಿಡಿದು ಪೌತಿ ಖಾತೆ (ತೀರಿಹೋದವರಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಮಾಡಿಸಿ, ಅದರ ಇ-ಖಾತೆ (ಆನ್‌ಲೈನ್ ದಾಖಲೆ) ತೆಗೆಸಿ, ಪಾಲುಪತ್ರ ನೋಂದಾಯಿಸಿ, ಆಮೇಲೆ ಅವರವರ ಪಾಲಿಗೆ ಇ-ಖಾತೆ ಮಾಡಿಸಿ. ಬಾಯಿಮಾತಿನ ಪಾಲು ಇಲ್ಲಿ ನಡೆಯುವುದಿಲ್ಲ. ಅಕ್ಕತಂಗಿಯರಿಗೂ ಪಾಲಿದೆ, ಅವರ ಸಹಿ ಬಿಟ್ಟು ಮಾಡಿದ ಪತ್ರ ಮುಂದೆ ಕೋರ್ಟು ಹತ್ತುತ್ತದೆ.

ಇನ್ನೆರಡು ಸಂಗತಿ. ಕಳೆದ 20 ವರ್ಷದಲ್ಲಿ ಸರ್ಕಾರದ ಯಾವುದೇ ವಸತಿ ಯೋಜನೆಯ ಲಾಭ ಪಡೆದಿದ್ದರೆ, ದೇಶದಲ್ಲಿ ಎಲ್ಲೇ ಪಕ್ಕಾ ಮನೆ ಇದ್ದರೆ ಅರ್ಹತೆ ಇಲ್ಲ. ಆಧಾರ್‌, ಖಾತೆ, ಬ್ಯಾಂಕ್ ಪಾಸ್‌ಬುಕ್ಕಲ್ಲಿ ಹೆಸರಿನ ಒಂದೊಂದು ಅಕ್ಷರವೂ ಹೊಂದಬೇಕು. ಇನಿಷಿಯಲ್ ಹಿಂದೆಮುಂದೆ ಆದರೂ ಅರ್ಜಿ ವಾಪಸ್ ಬರಬಹುದು. ಮನೆ ಹೆಂಡತಿಯ ಹೆಸರಲ್ಲಿ ಅಥವಾ ಜಂಟಿಯಾಗಿರಬೇಕೆಂಬ ನಿಯಮ ಒಳ್ಳೆಯದೇ, ಅದಕ್ಕೆ ತಕ್ಕಂತೆ ಖಾತೆಗೂ ಅವರ ಹೆಸರನ್ನು ಮೊದಲೇ ಸೇರಿಸಿಕೊಳ್ಳಿ.

ಬಾಡಿಗೆದಾರರಿಗೆ ಒಂದೇ ಅಂಕ ಏಕೆಂದರೆ, ಕೈಗೆಟುಕುವ ಬಾಡಿಗೆ ಮನೆ ಎಂಬ ವಿಭಾಗ ಯೋಜನೆಯಲ್ಲಿ ಇದ್ದೇ ಇದೆ, ಆದರೆ ಯಾರಾದರೂ ಕಟ್ಟಡ ಎಬ್ಬಿಸಿ, ಇಲ್ಲವೇ ಖಾಲಿ ಬಿದ್ದ ಸರ್ಕಾರಿ ಮನೆಗಳನ್ನು ಪಡೆದು ನಡೆಸಲು ಮುಂದೆ ಬಂದರೆ ಮಾತ್ರ ಅದು ಸಿಗುತ್ತದೆ. ಸಣ್ಣ ಊರಿನ ಬಾಡಿಗೆಯಲ್ಲಿ ಅಂಥ ಲಾಭ ಕಾಣುವ ಬಿಲ್ಡರ್ ವಿರಳ. ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು, ಹೊರಗಿಂದ ಬಂದ ಗಾರೆ ಕೆಲಸದವರು, ಮಕ್ಕಳು ಬೆಂಗಳೂರು ಸೇರಿದ ಮೇಲೆ ಒಂದು ಕೋಣೆ ಸಾಕೆನ್ನುವ ಹಿರಿಯರು, ಇವರ ಕೈಗೆ ಈ ಯೋಜನೆಯಿಂದ ಬರುವುದು ಸದ್ಯಕ್ಕೆ ಅರ್ಜಿ ಫಾರಂ ಅಷ್ಟೇ.